ಹಾಕುವುದು, ಹಾಕಿಸುವುದು

ಟಾರ್ಚಿನ ಸೆಲ್ ಮುಗಿದರೆ "ಹೊಸ ಸೆಲ್ ಹಾಕು" ಎನ್ನುತ್ತೇವೆ. ಟಿವಿ ರಿಮೋಟಿಗೂ, ಗೋಡೆ ಗಡಿಯಾರಕ್ಕೂ ಅದೇ ಮಾತು. ಕೈಗಡಿಯಾರ ನಿಂತಾಗ ಮಾತ್ರ ಮಾತು ಬದಲಾಗುತ್ತದೆ: "ಸೆಲ್ ಹಾಕಿಸಬೇಕು." ಎರಡೂ ಸೆಲ್ಲೇ, ಎರಡೂ ಹಾಕುವ ಕೆಲಸವೇ. ಆದರೂ ನಡುವೆ ಒಂದು 'ಇಸು' ಬಂದು ಕೂತಿದೆ. ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ. ಬಸ್ ನಿಲ್ದಾಣದ ಪಕ್ಕದಲ್ಲೋ, ಪೇಟೆ ಬೀದಿಯ ಮೆಟ್ಟಿಲ ಕೆಳಗೋ ಗಾಜಿನ ಪೆಟ್ಟಿಗೆಯೊಂದರ ಹಿಂದೆ, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ತಲೆ ಬಗ್ಗಿಸಿ ಕೂತಿರುವ ಮನುಷ್ಯ.

ಈ 'ಇಸು' ನಮ್ಮ ಭಾಷೆಯ ಪ್ರಾಮಾಣಿಕ ಪ್ರತ್ಯಯಗಳಲ್ಲಿ ಒಂದು ಎಂದು ನನಗೆ ಅನಿಸುತ್ತದೆ. ಬಟ್ಟೆ ಹೊಲಿಸಿದೆ, ಮನೆಗೆ ಸುಣ್ಣ ಹೊಡೆಸಿದೆ, ಬಾವಿ ತೋಡಿಸಿದೆ ಎನ್ನುವಾಗಲೆಲ್ಲ ಅದು, ಕೆಲಸ ಮಾಡಿದ್ದು ನೀನಲ್ಲ, ಮಾಡಿದವರು ಬೇರೆ ಇದ್ದಾರೆ ಎಂದು ನೆನಪಿಸುತ್ತದೆ. ಹೆಸರು ಹೇಳುವುದಿಲ್ಲ ನಿಜ, ಆದರೆ ಇರವನ್ನು ಮುಚ್ಚಿಡುವುದಿಲ್ಲ. ಅದನ್ನು ನುಂಗಿಬಿಡುವವರು ನಾವು. "ಅವರು ವಿದ್ಯಾರಣ್ಯಪುರದಲ್ಲಿ ಎರಡಂತಸ್ತಿನ ಮನೆ ಕಟ್ಟಿದರು" ಎನ್ನುವಾಗ ಒಂದು ಅಕ್ಷರದ ಜೊತೆಗೆ ಹತ್ತಾರು ಗಾರೆ ಕೆಲಸದವರೂ ಅಳಿಸಿಹೋಗುತ್ತಾರೆ. ಸೋಮನಾಥಪುರದ ಕೇಶವ ದೇವಾಲಯವನ್ನು 13ನೇ ಶತಮಾನದಲ್ಲಿ ಕಟ್ಟಿಸಿದವನು ಸೋಮನಾಥ ದಂಡನಾಯಕ. ಊರಿಗೇ ಅವನ ಹೆಸರಿದೆ. ಆದರೆ ಅಲ್ಲಿನ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ಎಂಬ ಶಿಲ್ಪಿಯ ಹೆಸರೂ ಕೆತ್ತಿದೆ. ಕಟ್ಟಿಸಿದವನೂ ಕೆತ್ತಿದವನೂ ಒಂದೇ ಕಲ್ಲಿನಲ್ಲಿ ಉಳಿದ ಅಪರೂಪದ ಉದಾಹರಣೆ ಅದು.

ಇಷ್ಟು ಪೀಠಿಕೆ ಯಾಕೆಂದರೆ, ಕೆಲವು ವರ್ಷಗಳಿಂದ ನಾನು ಕೈಗಡಿಯಾರದ ವಿಷಯದಲ್ಲಿ ಈ 'ಇಸು'ವನ್ನು ಬಿಟ್ಟಿದ್ದೇನೆ. ನನ್ನ ಗಡಿಯಾರಕ್ಕೆ ನಾನೇ ಸೆಲ್ ಹಾಕಿಕೊಳ್ಳುತ್ತೇನೆ. ಕೆಲಸ ಹತ್ತು ನಿಮಿಷದ್ದು. ಅದು ಎಬ್ಬಿಸಿದ ಪ್ರಶ್ನೆ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ನನ್ನ ಕೈಯಲ್ಲೇ ಆಗುವ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸುವುದು ಸೋಮಾರಿತನವೇ? ಅಥವಾ ಇನ್ನೊಬ್ಬರ ಅನ್ನದ ಕೆಲಸವನ್ನು ನಾನೇ ಮಾಡಿಕೊಂಡುಬಿಡುವುದು ಜಿಪುಣತನವೇ? ಸ್ವಾವಲಂಬನೆ ಗುಣ ಎಂದು ಶಾಲೆಯಿಂದಲೂ ಓದಿಕೊಂಡು ಬಂದಿದ್ದೇವೆ. ಯಾರನ್ನು ಬಿಟ್ಟು ಸ್ವಾವಲಂಬಿಗಳಾಗುತ್ತೇವೆ ಎಂಬುದನ್ನು ಯಾವ ಪಾಠವೂ ಕೇಳಿರಲಿಲ್ಲ.

ಮೊದಲು ಕೆಲಸ ಎಂಥದು ನೋಡೋಣ. ನೈತಿಕ ಪ್ರಶ್ನೆಗಳನ್ನು ಗಾಳಿಯಲ್ಲಿ ಬಿಡಿಸುವುದಕ್ಕಿಂತ ಮೇಜಿನ ಮೇಲೆ ಬಿಡಿಸುವುದು ಸುಲಭ.

ಗಡಿಯಾರವನ್ನು ಮಗುಚಿ ಹಾಕಿದರೆ ಹಿಂಬದಿಯ ಮುಚ್ಚಳ ಕಾಣುತ್ತದೆ. ಕೆಲವು ಅದುಮಿ ಕೂರಿಸಿದವು. ಅಂಚಿನಲ್ಲಿ ಉಗುರಿನ ತುದಿಯಷ್ಟು ಸಂದು ಇರುತ್ತದೆ, ಮೊಂಡು ಚಾಕುವಿನ ಮೊನೆ ಇಟ್ಟು ತಿರುಚಿದರೆ ಟಕ್ ಎಂದು ಬಿಟ್ಟುಕೊಳ್ಳುತ್ತದೆ. ಕೆಲವಕ್ಕೆ ನಾಲ್ಕು ಪುಟಾಣಿ ಸ್ಕ್ರೂಗಳಿರುತ್ತವೆ. ಇನ್ನು ಕೆಲವು ಡಬ್ಬಿಯ ಮುಚ್ಚಳದ ಹಾಗೆ ತಿರುಗಿಸಿ ಬಿಚ್ಚುವಂಥವು, ಅದಕ್ಕೆ ಬೇರೆ ಸಾಧನ ಬೇಕು. ಮುಚ್ಚಳ ತೆಗೆದರೆ ಅಂಚಿನ ಗುಂಟ ತೆಳುವಾದ ರಬ್ಬರಿನ ಉಂಗುರ ಇರುತ್ತದೆ. ನೀರನ್ನು ತಡೆಯುವುದು ಅದೇ. ಅದು ಜಾರಿ ಬಿದ್ದರೆ, ತಿರುಚಿಕೊಂಡರೆ, ಗಡಿಯಾರ ಓಡುತ್ತದೆ. ಆದರೆ ಮೊದಲ ಮಳೆಗೆ ಗಾಜಿನೊಳಗೆ ಹಬೆ ಕೂರುತ್ತದೆ.

ಸೆಲ್ಲನ್ನು ಒಂದು ಚಿಕ್ಕ ಲೋಹದ ಪಟ್ಟಿ ಹಿಡಿದಿಟ್ಟಿರುತ್ತದೆ. ಅದರ ಪಕ್ಕದಲ್ಲೇ ಕೂದಲಿಗಿಂತ ಸಣ್ಣ ತಂತಿಯ ಸುರುಳಿ. ಸ್ಕ್ರೂಡ್ರೈವರ್ ಜಾರಿ ಆ ತಂತಿಗೆ ತಾಗಿದರೆ ಗಡಿಯಾರದ ಕತೆ ಮುಗಿಯಿತು. ಸೆಲ್ಲಿನ ಬೆನ್ನ ಮೇಲೆ ಅದರ ಸಂಖ್ಯೆ ಕೆತ್ತಿರುತ್ತದೆ. 377 ಎಂದಿದ್ದರೆ ಅದೇ ಎಸ್‌ಆರ್626ಎಸ್‌ಡಬ್ಲ್ಯು: 6.8 ಮಿಲಿಮೀಟರ್ ಅಗಲ, 2.6 ಮಿಲಿಮೀಟರ್ ದಪ್ಪ, 1.55 ವೋಲ್ಟ್. ಎಸ್‌ಆರ್ ಎಂದರೆ ಸಿಲ್ವರ್ ಆಕ್ಸೈಡಿನದು. ಅದೇ ಅಳತೆಯಲ್ಲಿ ಎಲ್‌ಆರ್ ಎಂಬ ಅಗ್ಗದ ಆಲ್ಕಲೈನ್ ಸೆಲ್ ಸಿಗುತ್ತದೆ, ಕೂರುತ್ತದೆ, ಓಡಿಸುತ್ತದೆ ಕೂಡ. ಆದರೆ ಅದರ ವೋಲ್ಟೇಜು ದಿನದಿಂದ ದಿನಕ್ಕೆ ಇಳಿಯುತ್ತ ಹೋಗುತ್ತದೆ. ಬೆಳ್ಳಿಯ ಸೆಲ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ನಿಂತು, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ಹೊಸ ಸೆಲ್ಲನ್ನು ಬರಿಬೆರಳಲ್ಲಿ ಮುಟ್ಟಬಾರದು, ಬೆವರಿನ ಜಿಡ್ಡು ಉಳಿಯುತ್ತದೆ. ಲೋಹದ ಚಿಮಟದಿಂದ ಎರಡೂ ಮುಖಗಳನ್ನು ಒಟ್ಟಿಗೆ ಹಿಡಿಯಬಾರದು, ಶಾರ್ಟ್ ಆಗುತ್ತದೆ. ಪ್ಲಾಸ್ಟಿಕ್ಕಿನ ಚಿಮಟ ಸಾಕು. ಹಳೆಯದು ಯಾವ ಮುಖ ಮೇಲೆ ಮಾಡಿ ಕೂತಿತ್ತೋ ಹೊಸದೂ ಹಾಗೆಯೇ ಕೂರಬೇಕು. ಸೆಕೆಂಡಿನ ಮುಳ್ಳು ಹೆಜ್ಜೆ ಇಡುವುದನ್ನು ನೋಡಿಕೊಂಡು ಮುಚ್ಚಳ ಒತ್ತಿದರೆ ಮುಗಿಯಿತು.

ಇದನ್ನು ಮಾಡಿದವರಿಗೆ ಮೊದಲು ದಕ್ಕುವುದು ಉಳಿತಾಯವಲ್ಲ, ಬೆರಗು. ಸೆಲ್ಲಿನ ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಲೋಹದ ನಳಿಕೆ ಇರುತ್ತದೆ. ಅದರೊಳಗೆ ಸಂಗೀತದ ಶ್ರುತಿಕವಲಿನ ಆಕಾರದಲ್ಲಿ ಕತ್ತರಿಸಿದ ಕ್ವಾರ್ಟ್ಜ್ ಹರಳು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡರು. ಇಲ್ಲಿ ಅದರ ತಿರುವುಮುರುವು: ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ, ಸೆಕೆಂಡಿಗೆ 32,768 ಬಾರಿ. ಆ ಸಂಖ್ಯೆ ಯಾಕೆ? ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವುದು ಅದೇ. ಪಕ್ಕದ ಚಿಪ್ಪು ಆ ಕಂಪನಗಳನ್ನು ಹದಿನೈದು ಸಲ ಅರ್ಧ ಮಾಡುತ್ತದೆ, ಕೊನೆಗೆ ಉಳಿಯುವುದು ಸೆಕೆಂಡಿಗೆ ಒಂದೇ ಮಿಡಿತ. ಆ ಮಿಡಿತ ತಂತಿಯ ಸುರುಳಿಗೆ ಹೋಗಿ, ಪುಟ್ಟ ಮೋಟಾರಿನ ಮೂಲಕ ಮುಳ್ಳನ್ನು ಒಂದು ಹೆಜ್ಜೆ ತಳ್ಳುತ್ತದೆ. ಇಷ್ಟು ವರ್ಷ ಮಣಿಕಟ್ಟಿನ ಮೇಲೆ ಇಂಥದ್ದೊಂದು ನಡೆಯುತ್ತಿತ್ತು, ನಾನು ಅದನ್ನು ಬಸ್ಸಿನ ಹೊತ್ತು ನೋಡಲಷ್ಟೇ ಬಳಸುತ್ತಿದ್ದೆ.

ವಸ್ತುವೊಂದನ್ನು ಕೊಂಡುಕೊಂಡರೆ ಅದು ನಮ್ಮದಾಗುತ್ತದೆಯೇ? ಕಾನೂನಿನ ಪ್ರಕಾರ ಆಗುತ್ತದೆ. ಆದರೆ ಒಳಗೇನಿದೆ ಎಂದು ಗೊತ್ತಿಲ್ಲದ, ನಿಂತರೆ ಏನು ಮಾಡಬೇಕೆಂದು ತಿಳಿಯದ ವಸ್ತುವಿನ ಜೊತೆ ನಮ್ಮ ಸಂಬಂಧ ಬಾಡಿಗೆದಾರರದ್ದೇ. ಕೀಲಿ ಕೊಡುವ ಗಡಿಯಾರಗಳ ಕಾಲದಲ್ಲಿ ಹೀಗಿರಲಿಲ್ಲ. ದಿನಾ ಬೆಳಿಗ್ಗೆ ಹೊತ್ತು ಗೊತ್ತಾಗಬೇಕಾದರೆ ದಿನಾ ಒಮ್ಮೆ ಅದನ್ನು ಮುಟ್ಟಬೇಕಿತ್ತು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್ಎಂಟಿ ಕೈಗಡಿಯಾರ ಮಾಡತೊಡಗಿದಾಗ ಹೊರಬಂದವು ಅಂಥವೇ. ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ಕೆಲಸ ಸಿಕ್ಕಿದ್ದಕ್ಕೆ, ಮದುವೆಗೆ ಎಂದು ಮನೆಮನೆಗೆ ಬಂದ ಆ ಗಡಿಯಾರಗಳಿಗೆ ಕೀಲಿ ಕೊಡುವುದು ಅನೇಕ ಮನೆಗಳಲ್ಲಿ ಅಪ್ಪನ ಹಕ್ಕಾಗಿತ್ತು. 1969ರ ಡಿಸೆಂಬರಿನಲ್ಲಿ ಸೈಕೋ ಕಂಪನಿ ಜಗತ್ತಿನ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಟೋಕಿಯೋದಲ್ಲಿ ಮಾರಾಟಕ್ಕೆ ಇಟ್ಟಿತು. ಬೆಲೆ 4,50,000 ಯೆನ್, ಒಂದು ಸಣ್ಣ ಕಾರಿನ ಬೆಲೆಯಷ್ಟು. ಮುಂದೆ ಅದೇ ತಂತ್ರಜ್ಞಾನ ಅಗ್ಗವಾಗುತ್ತ ಬಂತು. ನಮ್ಮ ಗಡಿಯಾಚೆಗಿನ ಹೊಸೂರಿನಲ್ಲಿ ಟೈಟಾನ್ ಕಾರ್ಖಾನೆ ಬಂದು 80ರ ದಶಕದ ಕೊನೆಗೆ ಕ್ವಾರ್ಟ್ಜ್ ಮನೆಮಾತಾಯಿತು. ಎಚ್ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಈ ನಡುವೆ ದಿನಕ್ಕೊಮ್ಮೆಯ ಆರೈಕೆ ಎರಡು ಮೂರು ವರ್ಷಕ್ಕೊಮ್ಮೆಯ ಕೆಲಸವಾಯಿತು. ಅದನ್ನೂ ಬೇರೆಯವರ ಕೈಗೆ ಕೊಟ್ಟಮೇಲೆ ನಾವು ಗಡಿಯಾರವನ್ನು ಮರೆಯಲು ಸಂಪೂರ್ಣ ಸ್ವತಂತ್ರರಾದೆವು. ಹಾಗೆ ಮರೆತ ಗಡಿಯಾರಗಳು ಎಲ್ಲರ ಮನೆಯ ಡ್ರಾಯರಿನಲ್ಲೂ ಇವೆ. ಒಳಗೆ ಸತ್ತ ಸೆಲ್ ಸೋರಿ, ಹಸಿರು ಕಟ್ಟಿ, ಯಂತ್ರವನ್ನು ಸದ್ದಿಲ್ಲದೆ ತಿನ್ನುತ್ತಿರುತ್ತದೆ.

ಹಾಗಾಗಿ ಸ್ವಂತ ಕೈಯ ಪರವಾಗಿ ಮೊದಲ ವಾದ ಇದು: ಮುಟ್ಟಿ ತಿಳಿದದ್ದು ಮಾತ್ರ ನಮ್ಮದು. ಎರಡನೆಯ ವಾದ ಇನ್ನೂ ಗಂಭೀರವಾದದ್ದು, ಅದನ್ನು ಗಾಂಧೀಜಿಯವರ ಆತ್ಮಕಥೆಯಿಂದ ತೆಗೆದುಕೊಳ್ಳಬಹುದು. ಪ್ರಿಟೋರಿಯಾದಲ್ಲಿ ಒಬ್ಬ ಬಿಳಿಯ ಕ್ಷೌರಿಕ ಇವರ ತಲೆ ಮುಟ್ಟಲು ಒಪ್ಪಲಿಲ್ಲ. ಗಾಂಧಿ ಕತ್ತರಿ ಯಂತ್ರ ಕೊಂಡುತಂದು ಕನ್ನಡಿಯ ಮುಂದೆ ನಿಂತು ತಾವೇ ಕೂದಲು ಕತ್ತರಿಸಿಕೊಂಡರು. ಮುಂದಲೆ ಹೇಗೋ ಆಯಿತು, ಹಿಂದಲೆ ಹಾಳಾಯಿತು. ಇಲಿ ಕಡಿಯಿತೇ ಎಂದು ಕೋರ್ಟಿನ ಗೆಳೆಯರು ನಕ್ಕರು. ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಹಟವಲ್ಲ, ಆಮೇಲಿನ ಯೋಚನೆ. ಅವರು ಕ್ಷೌರಿಕನನ್ನು ಬೈಯುವುದಿಲ್ಲ. ಕರಿಯರ ತಲೆ ಮುಟ್ಟಿದರೆ ಅವನ ಗಿರಾಕಿಗಳು ಹೋಗುತ್ತಿದ್ದರು ಎನ್ನುತ್ತಾರೆ. ನಮ್ಮ ಊರುಗಳಲ್ಲಿ ನಮ್ಮ ಕ್ಷೌರಿಕರು ಅಸ್ಪೃಶ್ಯರ ತಲೆ ಮುಟ್ಟಲು ನಾವು ಬಿಡುತ್ತೇವೆಯೇ ಎಂದು ಕೇಳಿಕೊಳ್ಳುತ್ತಾರೆ. ಅಂದರೆ 'ಮಾಡಿಸು' ಎಂಬ ಕ್ರಿಯಾಪದ ಎಲ್ಲರಿಗೂ ಸಮನಾಗಿ ದಕ್ಕಿದ್ದಲ್ಲ. ಯಾರು ಮಾಡಿಸಬಹುದು, ಯಾರು ಮಾಡಲೇಬೇಕು ಎಂಬುದನ್ನು ನಮ್ಮಲ್ಲಿ ಬಹುಕಾಲ ಹುಟ್ಟು ನಿರ್ಧರಿಸಿತು. ಕೈಕೆಲಸವನ್ನು ಕೀಳೆಂದು ನೋಡುವವನು ತನ್ನ ಕೈಯಿಂದ ಒಂದು ಸ್ಕ್ರೂ ಬಿಚ್ಚುವುದು ಬರಿಯ ಹವ್ಯಾಸವಲ್ಲ, ಸಣ್ಣ ಪ್ರಾಯಶ್ಚಿತ್ತ ಕೂಡ ಆಗಬಹುದು. ಹತ್ತು ನಿಮಿಷ ಬೆವರಿ, ಸ್ಕ್ರೂ ನೆಲಕ್ಕೆ ಬಿದ್ದು, ಮಂಡಿಯೂರಿ ಹುಡುಕಿದವನು ಆ ಮಸೂರದ ಮನುಷ್ಯನಿಗೆ ಮತ್ತೆಂದೂ "ಇಷ್ಟು ಸಣ್ಣ ಕೆಲಸಕ್ಕೆ ಅಷ್ಟು ದುಡ್ಡೇ?" ಎನ್ನಲಾರ.

ಇಷ್ಟಕ್ಕೇ ನಿಲ್ಲಿಸಿದ್ದರೆ ಪ್ರಶ್ನೆ ಸರಳವಾಗಿರುತ್ತಿತ್ತು.

ತುಮಕೂರಿನ ಒಂದು ಗಲ್ಲಿಯಲ್ಲಿ ನನಗೆ ಪರಿಚಯದ ಗಡಿಯಾರ ರಿಪೇರಿಯವರೊಬ್ಬರಿದ್ದಾರೆ. ನಲವತ್ತು ವರ್ಷದ ಅನುಭವ. ಒಮ್ಮೆ ಪಟ್ಟಿ ಬದಲಿಸಲು ಹೋದಾಗ ಮಾತಿಗೆ ಮಾತು ಬಂದು, ಈಗ ಸೆಲ್ಲನ್ನು ನಾನೇ ಹಾಕಿಕೊಳ್ಳುತ್ತೇನೆ ಎಂದೆ. ಅವರಿಗೆ ಬೇಸರವಾಗಲಿಲ್ಲ. ಗಡಿಯಾರ ಈಸಿಕೊಂಡು, ಮುಚ್ಚಳ ತೆಗೆದು, ಒಳಗೆ ನೋಡಿ, "ಶುದ್ಧವಾಗಿ ಮಾಡಿದ್ದೀರಿ ಮೇಷ್ಟ್ರೇ" ಎಂದರು. ಆಮೇಲೆ ಮಸೂರ ತೆಗೆದಿಟ್ಟು ಹೇಳಿದರು:

"ಒಂದು ಮಾತು ಕೇಳಿ. ದಿನಕ್ಕೆ ಹತ್ತು ಜನ ಬಂದ್ರೆ ಒಂಬತ್ತು ಜನ ಸೆಲ್ಲಿಗೇ ಬರೋದು. ಅದರಲ್ಲಿ ನನ್ನ ಅಂಗಡಿ ಬಾಡಿಗೆ ಹುಟ್ಟುತ್ತೆ. ಹತ್ತನೇಯವರು ಅವರ ತಾತನ ಕೀಲಿ ಗಡಿಯಾರ ತರ್ತಾರೆ. ಅದನ್ನ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂಡಿಸೋಕೆ ನನಗೆ ಎರಡು ದಿನ ಬೇಕು. ಅದಕ್ಕೆ ತಕ್ಕ ದುಡ್ಡು ಕೇಳಿದ್ರೆ ಹೊಸ ವಾಚೇ ಬರುತ್ತಲ್ಲ ಅಂತಾರೆ. ಸೆಲ್ಲಿನ ದುಡ್ಡಲ್ಲಿ ಅಂಗಡಿ ನಡೆಯುತ್ತೆ, ಅಂಗಡಿ ಇದ್ರೆ ಆ ವಿದ್ಯೆ ಉಳಿಯುತ್ತೆ. ಅಷ್ಟೇ ಲೆಕ್ಕ."

ಈ ಮಾತನ್ನು ನಾನು ತುಂಬ ದಿನ ಯೋಚಿಸಿದ್ದೇನೆ. ಆರ್ಥಿಕತೆಯ ಪುಸ್ತಕಗಳಲ್ಲಿ ಶ್ರಮವಿಭಜನೆಯ ಸಮರ್ಥನೆ ಬೇರೆ ಥರ ಬರುತ್ತದೆ. ಆ್ಯಡಂ ಸ್ಮಿತ್ 1776ರಲ್ಲಿ ಗುಂಡುಸೂಜಿ ಕಾರ್ಖಾನೆಯ ಲೆಕ್ಕ ಕೊಟ್ಟಿದ್ದ. ಕೆಲಸ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಾರೆ, ಒಬ್ಬೊಬ್ಬರೇ ಎಲ್ಲವನ್ನೂ ಮಾಡಹೋದರೆ ಇಪ್ಪತ್ತೂ ಆಗಲಾರದು ಎಂದು. ಅಲ್ಲಿ ವಾದ ವೇಗದ್ದು, ಪ್ರಮಾಣದ್ದು. ನಮ್ಮ ಗಲ್ಲಿಯ ವಾದ ಅದಲ್ಲ. ಸುಲಭದ ಕೆಲಸ ಕಷ್ಟದ ಕೆಲಸವನ್ನು ಸಾಕುತ್ತದೆ ಎಂಬುದು ಇವರ ವಾದ. ದರ್ಜಿಯ ಅಂಗಡಿಯಲ್ಲಿ ಗುಂಡಿ ಹಾಕುವುದು, ಪ್ಯಾಂಟಿನ ಅಂಚು ಮಡಿಸುವುದು ಹೀಗೆಯೇ. ಪುಸ್ತಕದಂಗಡಿಯಲ್ಲಿ ಗೈಡುಗಳು ಮಾರಾಟವಾಗುವುದರಿಂದ ಕವನ ಸಂಕಲನಕ್ಕೆ ಕಪಾಟಿನಲ್ಲಿ ಜಾಗ ಇರುತ್ತದೆ. ಸುಲಭದ್ದನ್ನೆಲ್ಲ ನಾವು ಮನೆಗೆ ಒಯ್ದು, ಕಷ್ಟದ್ದನ್ನು ಮಾತ್ರ ಅವರಿಗೆ ಬಿಟ್ಟರೆ, ಕಷ್ಟದ ದಿನ ನಾವು ಹೋಗಿ ನಿಂತಾಗ ಅಲ್ಲಿ ಮುಚ್ಚಿದ ಬಾಗಿಲು ಇರುತ್ತದೆ. ನಾನು ಸೆಲ್ಲಿಗೆ ಕೊಡುವ ದುಡ್ಡು ಬರಿಯ ಸೆಲ್ಲಿನದಲ್ಲ, ಆ ಮನುಷ್ಯ ಅಲ್ಲಿ ಕೂತಿರುವುದಕ್ಕೆ ಊರೆಲ್ಲ ಸೇರಿ ಕೊಡುವ ವಂತಿಗೆಯ ನನ್ನ ಪಾಲು.

ಹಾಗಾದರೆ ಕರುಣೆಯಿಂದ ಹೋಗಿ ಸೆಲ್ ಹಾಕಿಸಬೇಕೇ? ಇಲ್ಲಿ ಇನ್ನೊಂದು ತೊಡಕಿದೆ. ಬೇಕಿಲ್ಲದ ಕೆಲಸವನ್ನು ಕೊಟ್ಟು ಕೂಲಿ ಕೊಡುವುದು ವೇಷ ಹಾಕಿದ ಭಿಕ್ಷೆ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮ ಮಕ್ಕಳಿಗೂ ಗೊತ್ತು. ಬಸವಣ್ಣನವರ ಮನೆಯಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಇದು ನಮ್ಮ ಅಳತೆಯಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ಬಡವರು ಕೊಡುಗೆಯನ್ನು ನಿರಾಕರಿಸಿದ ಕತೆ ಎಂದಷ್ಟೇ ಇದನ್ನು ಓದುವುದುಂಟು. ನನಗೆ ಇದು ಲೆಕ್ಕದ ಕತೆಯಾಗಿಯೂ ಕಾಣುತ್ತದೆ. ಕಾಯಕಕ್ಕೆ ಸಲ್ಲುವಷ್ಟು ಸಲ್ಲಬೇಕು. ಕಡಿಮೆ ಕೊಟ್ಟರೆ ಕೆಲಸಕ್ಕೆ ಅವಮಾನ, ಹೆಚ್ಚು ಕೊಟ್ಟರೆ ಕೆಲಸಗಾರನಿಗೆ ಅವಮಾನ. ಗಲ್ಲಿಯ ರಿಪೇರಿಯವರು ಕೇಳಿದ್ದು ದಯೆಯನ್ನಲ್ಲ. ಅವರು ಲೆಕ್ಕ ಹೇಳಿದರು, ಅಷ್ಟೆ.

ಎಲ್ಲರೂ ಹೀಗೆಯೇ ನಡೆದುಕೊಂಡರೆ ಲೋಕ ಏನಾಗುತ್ತದೆ ಎಂದು ಕೇಳಿಕೊಂಡು ನಡೆಯಬೇಕೆಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಹೇಳಿದ. ತರಗತಿಯಲ್ಲಿ ಇದನ್ನು ಸುಳ್ಳು ಮಾತಿನ ಉದಾಹರಣೆ ಕೊಟ್ಟು ವಿವರಿಸುತ್ತೇವೆ. ಗಡಿಯಾರಕ್ಕೆ ಇದನ್ನು ಹಚ್ಚಿದರೆ ವಿಚಿತ್ರ ಫಲಿತಾಂಶ ಬರುತ್ತದೆ. ಎಲ್ಲರೂ ತಾವೇ ಸೆಲ್ ಹಾಕಿಕೊಂಡರೆ ರಿಪೇರಿಯವರು ಇರುವುದಿಲ್ಲ. ತಾತನ ಗಡಿಯಾರಗಳು ಸಾಯುತ್ತವೆ. ಯಾರೂ ಎಂದೂ ಮುಚ್ಚಳ ತೆಗೆಯದಿದ್ದರೆ? ಆಗ ಮುಚ್ಚಳ ತೆಗೆಯಬಹುದು ಎಂಬುದೇ ಮರೆತುಹೋಗುತ್ತದೆ. ಮುಚ್ಚಳಕ್ಕೆ ಸ್ಕ್ರೂ ಯಾಕೆ ಬೇಕು, ಅಂಟು ಸಾಕಲ್ಲ ಎಂದು ತಯಾರಕರು ಯೋಚಿಸುತ್ತಾರೆ. ಕೇಳುವವರು ಇರುವುದಿಲ್ಲ. ಎರಡು ನಿಯಮಗಳೂ ತುದಿಗೆ ಹೋದಾಗ ಒಂದೇ ಕಡೆ ತಲುಪುತ್ತವೆ: ನಿಂತ ಗಡಿಯಾರ ಕಸದ ಬುಟ್ಟಿಗೆ.

ಇಲ್ಲಿಯೇ ನನ್ನ ಮೊದಲಿನ ಪ್ರಶ್ನೆ ತಪ್ಪಾಗಿ ರಚನೆಯಾಗಿದೆ ಎಂಬ ಅನುಮಾನ ಬಲವಾಗುತ್ತದೆ. ಹಾಕುವುದೋ ಹಾಕಿಸುವುದೋ ಎಂದು ಕೇಳುತ್ತಿದ್ದೇನೆ, ಇವೆರಡೇ ದಾರಿಗಳು ಎಂಬಂತೆ. ಆದರೆ ನಮ್ಮ ಕಾಲದ ದೊಡ್ಡ ಕ್ರಿಯಾಪದ ಮೂರನೆಯದು: ಬಿಸಾಡು. ನೂರು ಇನ್ನೂರು ರೂಪಾಯಿಗೆ ಫುಟ್‌ಪಾತಿನಲ್ಲಿ ಸಿಗುವ ಗಡಿಯಾರಕ್ಕೆ ಸೆಲ್ ಹಾಕಿಸಲು ಅಷ್ಟೇ ದುಡ್ಡು ಕೊಡಬೇಕೆಂದಾಗ ಜನ ಹೊಸದನ್ನೇ ಕೊಳ್ಳುತ್ತಾರೆ. ಅದನ್ನು ತಪ್ಪೆನ್ನುವುದೂ ಕಷ್ಟ. ಇನ್ನೊಂದು ತುದಿಯಲ್ಲಿ ಸಾವಿರಾರು ರೂಪಾಯಿಯ ಸ್ಮಾರ್ಟ್‌ವಾಚುಗಳಿವೆ. ಅವುಗಳಲ್ಲಿ ಬಹಳಷ್ಟರ ಒಡಲು ಅಂಟಿನಿಂದ ಮುಚ್ಚಿದ್ದು. ಬ್ಯಾಟರಿ ಸೊರಗಿದರೆ ನನ್ನ ಮೊಂಡು ಚಾಕುವಿಗೂ ದಾರಿಯಿಲ್ಲ, ಗಲ್ಲಿಯವರ ನಲವತ್ತು ವರ್ಷದ ಕೈಗೂ ದಾರಿಯಿಲ್ಲ. ಅಗ್ಗದ್ದನ್ನು ಬೆಲೆ ಕೊಲ್ಲುತ್ತದೆ, ದುಬಾರಿಯದನ್ನು ಅಂಟು ಕೊಲ್ಲುತ್ತದೆ. ನಾನೂ ರಿಪೇರಿಯವರೂ ಎದುರಾಳಿಗಳು ಎಂದುಕೊಂಡು ನೂರು ರೂಪಾಯಿಯ ಲೆಕ್ಕ ಹಾಕುತ್ತಿರುವಾಗ, ನಮ್ಮಿಬ್ಬರ ಕೈಯಿಂದಲೂ ವಸ್ತು ಜಾರಿಹೋಗಿದೆ.

ಐವಾನ್ ಇಲಿಚ್ ಎಂಬ ಚಿಂತಕ 1973ರಲ್ಲಿ ಸಲಕರಣೆಗಳ ಬಗ್ಗೆ ಒಂದು ಪುಸ್ತಕ ಬರೆದ. ಜನ ತಮ್ಮ ಉದ್ದೇಶಕ್ಕೆ ತಕ್ಕಂತೆ ಬಳಸಲು ಬರುವ ಸಲಕರಣೆಗಳು ಬೇರೆ, ಜನರನ್ನೇ ತಮ್ಮ ಅಗತ್ಯಕ್ಕೆ ಬಗ್ಗಿಸಿಕೊಳ್ಳುವ ಸಲಕರಣೆಗಳು ಬೇರೆ ಎಂಬುದು ಅವನ ವಾದದ ಸಾರ. ಆ ಕಣ್ಣಿನಿಂದ ನೋಡಿದರೆ ನಾಲ್ಕು ಸ್ಕ್ರೂಗಳಿರುವ ಮುಚ್ಚಳ ಒಂದು ನೈತಿಕ ವಿನ್ಯಾಸ. ಅದು ಇಬ್ಬರಿಗೂ ಆಹ್ವಾನ ಕೊಡುತ್ತದೆ: ಧೈರ್ಯವಿದ್ದರೆ ನೀನೇ ತೆಗೆ, ಇಲ್ಲವಾದರೆ ಬಲ್ಲವರ ಬಳಿ ಒಯ್ಯಿ. ನಮ್ಮ ದೇಶದಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಆ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಹಕ್ಕು ಎಂಬ ಮಾತು ಅಲ್ಲಿ ಗ್ರಾಹಕರದು. ನನಗೆ ಅದು ರಿಪೇರಿಯವರ ಹಕ್ಕೂ ಹೌದು ಅನಿಸುತ್ತದೆ. ಬಿಚ್ಚಲು ಬರುವ ವಸ್ತುಗಳಿರುವ ಲೋಕದಲ್ಲಿ ಮಾತ್ರ ಬಿಚ್ಚಬಲ್ಲವರಿಗೆ ಜಾಗ ಇರುತ್ತದೆ.

ಇದನ್ನು ಒಪ್ಪಿದರೆ, ಮನೆಯಲ್ಲಿ ಮುಚ್ಚಳ ತೆಗೆದು ನೋಡುವವರು ರಿಪೇರಿಯವರ ಶತ್ರುಗಳಲ್ಲ, ಅವರ ಓದುಗರು. ಸಂಗೀತ ಕಛೇರಿಗೆ ಹೋಗುವವರಲ್ಲಿ ತಾವೂ ನಾಲ್ಕು ವರ್ಷ ಸರಳೆ ವರಸೆ ಹಾಡಿದವರು ಎಷ್ಟೋ ಜನ. ಅವರು ಹಾಡಿಕೊಂಡದ್ದರಿಂದ ವಿದ್ವಾಂಸರ ಸಂಭಾವನೆ ಕಡಿಮೆಯಾಗಲಿಲ್ಲ. ಎಲ್ಲಿ ಕಷ್ಟ, ಎಲ್ಲಿ ಸೊಗಸು ಎಂದು ಗೊತ್ತಿರುವ ಸಭೆ ಸಿಕ್ಕಿತು. ಸ್ವಂತ ಕೈಯಿಂದ ಸೆಲ್ ಹಾಕಿದವರಿಗೆ ಕೀಲಿ ಗಡಿಯಾರವನ್ನು ಬಿಚ್ಚಿ ಕೂಡಿಸುವುದು ಎಂದರೆ ಏನು ಎಂಬ ಅಂದಾಜು ಹತ್ತುತ್ತದೆ. ಅದಕ್ಕೆ ಕೇಳಿದ ದುಡ್ಡನ್ನು ಚೌಕಾಸಿಯಿಲ್ಲದೆ ಕೊಡಲು ಮನಸ್ಸು ಬರುತ್ತದೆ. ಸುಲಭದ ಕೆಲಸದಿಂದ ಕಷ್ಟದ ವಿದ್ಯೆಯನ್ನು ಸಾಕುವ ಏರ್ಪಾಡಿಗಿಂತ, ಕಷ್ಟದ ವಿದ್ಯೆಗೆ ಅದರ ನಿಜವಾದ ಬೆಲೆ ಸಿಗುವ ಏರ್ಪಾಡು ಒಳ್ಳೆಯದಲ್ಲವೇ? ಆ ದಿನ ಇನ್ನೂ ಬಂದಿಲ್ಲ. ಬರುವವರೆಗೆ ಬಾಡಿಗೆ ಕಟ್ಟಬೇಕಾದವರು ಅವರು ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ವಿಷಯ ಉಳಿದಿದೆ, ಇದನ್ನು ಸ್ವಾವಲಂಬನೆಯ ಉತ್ಸಾಹಿಗಳು ಸಾಮಾನ್ಯವಾಗಿ ಮಾತನಾಡುವುದಿಲ್ಲ: ಹಳೆಯ ಸೆಲ್. ಹಾಕಿಸುವಾಗ ಅದು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಹಾಕುವಾಗ ಅಂಗೈಯಲ್ಲಿ ಉಳಿಯುತ್ತದೆ. ತೊಗರಿಬೇಳೆಯಷ್ಟೇ ಇದೆ ಎಂದು ಮೇಜಿನ ಮೇಲೆ ಬಿಟ್ಟರೆ ತೆವಳುವ ಮಗುವಿನ ಬಾಯಿಗೆ ಹೋಗಬಹುದು. ಗುಂಡಿ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡುತ್ತದೆ. ಸತ್ತ ಸೆಲ್ಲಿನಲ್ಲೂ ಅದಕ್ಕೆ ಸಾಕಾಗುವಷ್ಟು ಕಸುವು ಉಳಿದಿರಬಹುದು. ಹೊಸ ಸೆಲ್ಲುಗಳಿಗೂ ಇದೇ ಮಾತು. ಕಸದ ಬುಟ್ಟಿಗೆ ಹಾಕಿದರೆ ಅದರೊಳಗಿನ ಲೋಹಗಳು ಮಣ್ಣಿಗೆ ಹೋಗುತ್ತವೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಎಲ್ಲ ಬಗೆಯ ಬ್ಯಾಟರಿಗಳೂ ಬೇರೆಯಾಗಿ ಸಂಗ್ರಹವಾಗಬೇಕು, ಮನೆಯ ಕಸದ ಜೊತೆ ಬೆರೆಯಬಾರದು. ಅಂದರೆ 'ಮಾಡು' ಎಂಬುದು ಸುಮ್ಮನೆ ಹಕ್ಕಲ್ಲ. ಮಾಡಿಸುವವನು ದುಡ್ಡು ಕೊಟ್ಟು ಋಣ ತೀರಿಸಿಕೊಳ್ಳಬಹುದು, ಮಾಡುವವನಿಗೆ ಕೆಲಸದ ಬಾಲವೂ ಸೇರಿದೆ. ಅಡುಗೆ ಮಾಡಿದೆ ಎಂದು ಹೊಗಳಿಸಿಕೊಂಡು ಪಾತ್ರೆ ಬಿಟ್ಟು ಏಳುವ ಗಂಡಸರನ್ನು ನಾವೆಲ್ಲ ನೋಡಿದ್ದೇವೆ. ಅದು ಅರ್ಧ ಸ್ವಾವಲಂಬನೆ.

ಹಾಗಾಗಿ ನನಗೆ ನಾನೇ ಕೆಲವು ಮಿತಿ ಹಾಕಿಕೊಂಡಿದ್ದೇನೆ. ಅದುಮಿ ಕೂರಿಸಿದ ಮುಚ್ಚಳದ, ಸಾದಾ ಮೂರು ಮುಳ್ಳಿನ ಗಡಿಯಾರಗಳಿಗೆ ನಾನೇ ಸೆಲ್ ಹಾಕುತ್ತೇನೆ. ನೀರಿಗೆ ಇಳಿಯುವ ಗಡಿಯಾರವನ್ನು, ತಿರುಗಿಸಿ ಬಿಚ್ಚುವ ಮುಚ್ಚಳದ್ದನ್ನು, ಬೇರೆಯವರು ನಂಬಿ ಕೊಟ್ಟದ್ದನ್ನು ಮುಟ್ಟುವುದಿಲ್ಲ. ಮನೆಯ ಡ್ರಾಯರಿನಲ್ಲಿ ನಿಂತು ಹೋಗಿದ್ದ ಎರಡು ಕೀಲಿ ಗಡಿಯಾರಗಳನ್ನು ಗಲ್ಲಿಗೆ ಒಯ್ದು ಕೊಟ್ಟಿದ್ದೇನೆ, ಅವರು ಹೇಳಿದ ಬೆಲೆಗೆ. ಕಾಲೇಜಿನ ಮಕ್ಕಳು ಕೇಳಿದರೆ ಮುಚ್ಚಳ ತೆಗೆದು 32,768ರ ಲೆಕ್ಕ ಹೇಳುತ್ತೇನೆ, ಆಮೇಲೆ ಅಂಗಡಿಯ ವಿಳಾಸವನ್ನೂ ಹೇಳುತ್ತೇನೆ. ಇದು ತತ್ತ್ವವಲ್ಲ, ಹೊಂದಾಣಿಕೆ ಎಂದು ಯಾರಾದರೂ ಅನ್ನಬಹುದು. ಇರಬಹುದು. ಆದರೆ ಒಂದೇ ಊರಿನಲ್ಲಿ ಬಾಳುವವರ ನಡುವಿನ ನೀತಿ ಬಹುಪಾಲು ಇಂಥ ಹೊಂದಾಣಿಕೆಗಳಿಂದಲೇ ಆಗಿದೆ. ಯಾವ ಕೆಲಸ ನನ್ನದು, ಯಾವುದು ನಿಮ್ಮದು, ಯಾವುದಕ್ಕೆ ಎಷ್ಟು ಎಂದು ಮತ್ತೆ ಮತ್ತೆ ಮಾತಾಡಿಕೊಳ್ಳುವುದು.

ಹಳೆಯ ಸೆಲ್ಲುಗಳು ನನ್ನ ಕಪಾಟಿನ ಮೇಲಿನ ಅಂಕಣದಲ್ಲಿ, ಬಿಗಿ ಮುಚ್ಚಳದ ಒಂದು ಮಾತ್ರೆ ಡಬ್ಬಿಯಲ್ಲಿವೆ. ಒಂದೊಂದಕ್ಕೂ ಅಂಟುಪಟ್ಟಿ ಸುತ್ತಿದ್ದೇನೆ, ಒಂದಕ್ಕೊಂದು ತಾಗಬಾರದಲ್ಲ. ಬೆಳ್ಳಿಯ ಸೆಲ್ಲುಗಳನ್ನು ಒಟ್ಟು ಮಾಡಿ ಕೊಳ್ಳುವವರು ಗಲ್ಲಿಯವರ ಹತ್ತಿರ ಬರುತ್ತಾರಂತೆ. "ಹಾಕೋದು ನೀವೇ ಹಾಕ್ಕೊಳ್ಳಿ ಮೇಷ್ಟ್ರೇ, ಸತ್ತಿದ್ದನ್ನ ಇಲ್ಲಿ ತಂದುಕೊಡಿ" ಎಂದಿದ್ದಾರೆ. ಮುಂದಿನ ಸಲ ಪೇಟೆಗೆ ಹೋದಾಗ ಡಬ್ಬಿ ಒಯ್ಯಬೇಕು.